ಸೋಸಿದ ಸದ್ದು, ಒಡೆದ ಸದ್ದು: ಎಲೆಕ್ಟ್ರಾನಿಕ್ ಡ್ರಮ್ಮಿಗೆ ಜೀವ ಬರುವ ಬಗೆ

ಮೆರವಣಿಗೆಯ ಲಾರಿಯ ಮೇಲೆ ಪೇರಿಸಿಟ್ಟ ಧ್ವನಿವರ್ಧಕಗಳ ಮುಂದೆ ನಿಂತವರಿಗೆ ಡ್ರಮ್ಮಿನ ಹೊಡೆತ ಕಿವಿಗಿಂತ ಮೊದಲು ಎದೆಗೆ ತಟ್ಟಿದಂತಾಗುತ್ತದೆ. ಮನೆಗೆ ಮರಳಿ ಅದೇ ಹಾಡನ್ನು ಮೊಬೈಲ್ ಫೋನಿನಲ್ಲಿ ಹಾಕಿದರೆ ಎರಡರಲ್ಲೊಂದು ಸಂಭವಿಸುತ್ತದೆ. ಕೆಲವು ಹಾಡುಗಳಲ್ಲಿ ಆ ಹೊಡೆತ ಹೇಳಹೆಸರಿಲ್ಲದಂತೆ ಮಾಯವಾಗಿ, ಗಾಯಕರ ಧ್ವನಿ ನೆಲೆಯಿಲ್ಲದೆ ತೇಲುತ್ತದೆ. ಇನ್ನು ಕೆಲವು ಹಾಡುಗಳಲ್ಲಿ, ಉಗುರಿನಗಲದ ಸ್ಪೀಕರಿನಿಂದಲೂ ಡ್ರಮ್ಮು ತನ್ನ ಗತ್ತನ್ನು ಬಿಟ್ಟುಕೊಡದೆ ಕೇಳಿಸುತ್ತದೆ. ಸ್ಪೀಕರ್ ಒಂದೇ, ಕೇಳುವ ಕಿವಿಯೂ ಒಂದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿಯದು?

ಉತ್ತರ ಇರುವುದು ಬಹುಮಟ್ಟಿಗೆ ಧ್ವನಿಮುದ್ರಣ ಕೋಣೆಯಲ್ಲಿ ನಡೆಯುವ ಎರಡು ಕ್ರಿಯೆಗಳಲ್ಲಿ. ಮೊದಲನೆಯದು ಫಿಲ್ಟರ್, ಅಂದರೆ ಸದ್ದನ್ನು ಸೋಸುವುದು. ಎರಡನೆಯದು ಡಿಸ್ಟಾರ್ಷನ್, ಅಂದರೆ ಸದ್ದಿನ ಆಕಾರವನ್ನು ಬೇಕೆಂದೇ ಕೆಡಿಸುವುದು. ಮೊದಲನೆಯದು ಇರುವುದನ್ನು ಕಳೆಯುತ್ತದೆ. ಎರಡನೆಯದು ಇಲ್ಲದಿದ್ದುದನ್ನು ಕೂಡಿಸುತ್ತದೆ. ಎಲೆಕ್ಟ್ರಾನಿಕ್ ಡ್ರಮ್ಮಿನ ಸ್ವಭಾವವೆಲ್ಲ ಈ ಕಳೆಯುವ ಮತ್ತು ಕೂಡುವ ಲೆಕ್ಕದಲ್ಲಿ ಅಡಗಿದೆ. ಇಂದು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಹಾಡು ಕಟ್ಟುವ ತರುಣರು ಸಾವಿರಾರು ಮಂದಿ ಇರುವಾಗ, ಈ ಲೆಕ್ಕ ತಿಳಿದಿರುವುದು ಒಳ್ಳೆಯದು.

ಚರ್ಮದ ವಾದ್ಯದ ಗುಟ್ಟು

ಯಾವುದೇ ನಾದ ಒಂದೇ ಕಂಪನದಿಂದ ಆದದ್ದಲ್ಲ. ವೀಣೆಯ ತಂತಿಯನ್ನು ಮೀಟಿದಾಗ ಮೂಲ ಆವೃತ್ತಿಯೊಂದಿಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳೂ ಏಳುತ್ತವೆ. ಇವುಗಳನ್ನು ಹಾರ್ಮೋನಿಕ್‌ಗಳು ಎನ್ನುತ್ತಾರೆ. ಇವು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದರ ಮೇಲೆ ವೀಣೆಗೂ ಕೊಳಲಿಗೂ ಇರುವ ನಾದದ ಭೇದ ನಿಂತಿದೆ.

ಬಿಗಿದ ಸಾಮಾನ್ಯ ಚರ್ಮದ ಕಥೆ ಬೇರೆ. ಅದರ ಮೇಲ್ಕಂಪನಗಳು ಮೂಲದ 1.59 ಪಟ್ಟು, 2.14 ಪಟ್ಟು, 2.30 ಪಟ್ಟು ಹೀಗೆ ಹೊಂದಿಕೆಯಿಲ್ಲದೆ ಚದುರಿರುತ್ತವೆ. ಆದ್ದರಿಂದಲೇ ಹೆಚ್ಚಿನ ಡೋಲುಗಳಿಂದ ಸ್ಪಷ್ಟ ಸ್ವರ ಹೊರಡುವುದಿಲ್ಲ, ಬರಿಯ ಸದ್ದು ಹೊರಡುತ್ತದೆ. ಮೃದಂಗ ಮತ್ತು ತಬಲಾ ಈ ನಿಯಮಕ್ಕೆ ಹೊರತು. ಚರ್ಮದ ನಡುವೆ ಮೆತ್ತಿದ ಕಪ್ಪು ಕರಣೆಯ ಭಾರದಿಂದ ಈ ಮೇಲ್ಕಂಪನಗಳು ಹಾರ್ಮೋನಿಕ್‌ಗಳ ಸಾಲಿಗೆ ಬಂದು ಕೂಡುತ್ತವೆ ಎಂಬುದನ್ನು ಸರ್ ಸಿ.ವಿ. ರಾಮನ್ 1920ರಲ್ಲಿಯೇ ಪ್ರಕಟಿಸಿದ್ದರು. ಅವರು ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ, 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಭಾರತೀಯ ಚರ್ಮವಾದ್ಯಗಳ ಕುರಿತ ವಿಸ್ತಾರವಾದ ಲೇಖನ ಬಂದಿತು.

ಮೃದಂಗದ ಎಡಮುಖಕ್ಕೆ ಕಛೇರಿಗೆ ಮುನ್ನ ಹಚ್ಚುವ ರವೆಯ ಕಣಕದ ಉದ್ದೇಶವೂ ಇಂಥದೇ. ಕಣಕದ ಭಾರ ಹೆಚ್ಚಿದಂತೆ ಸದ್ದು ತಗ್ಗಿಗೆ ಇಳಿದು ಗಂಭೀರವಾಗುತ್ತದೆ. ಅಂದರೆ ಹೊಡೆತ ಹೇಗಿರಬೇಕೆಂಬುದನ್ನು ಕೈ ಮಾತ್ರ ನಿರ್ಧರಿಸುವುದಿಲ್ಲ. ಯಾವ ಕಂಪನ ಉಳಿಯಬೇಕು, ಯಾವುದು ಅಡಗಬೇಕು ಎಂಬ ತೀರ್ಮಾನವೂ ವಾದ್ಯದ ಒಡಲಲ್ಲೇ ಇರುತ್ತದೆ. ಎಲೆಕ್ಟ್ರಾನಿಕ್ ಡ್ರಮ್ಮಿನಲ್ಲಿ ಚರ್ಮವೂ ಇಲ್ಲ, ಕರಣೆಯೂ ಇಲ್ಲ. ಅಲ್ಲಿ ಈ ತೀರ್ಮಾನವನ್ನು ವಿದ್ಯುನ್ಮಂಡಲಗಳು ಕೈಗೊಳ್ಳಬೇಕು.

ಬಡಿದರೆ ಮೊಳಗುವ ಫಿಲ್ಟರ್

ಇದಕ್ಕೆ ಅತ್ಯುತ್ತಮ ಉದಾಹರಣೆ ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808. ಇಕುಟಾರೊ ಕಾಕೆಹಾಶಿ 1972ರಲ್ಲಿ ಒಸಾಕಾದಲ್ಲಿ ಸ್ಥಾಪಿಸಿದ ಈ ಕಂಪನಿ 808 ಯಂತ್ರವನ್ನು 1980ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಅಮೆರಿಕದಲ್ಲಿ ಬಂದ ಲಿನ್ ಎಲ್ಎಂ-1 ಎಂಬ ಯಂತ್ರ ನಿಜವಾದ ಡ್ರಮ್ಮುಗಳ ಧ್ವನಿಮುದ್ರಿಕೆಯನ್ನು ಚಿಪ್ಪುಗಳಲ್ಲಿ ತುಂಬಿಕೊಂಡಿತ್ತು. ಅದರ ಬೆಲೆ 808ರ ಬೆಲೆಯ ಸುಮಾರು ನಾಲ್ಕು ಪಟ್ಟು. 808ರಲ್ಲಿ ಯಾವ ಮುದ್ರಿಕೆಯೂ ಇರಲಿಲ್ಲ. ಎಲ್ಲ ಸದ್ದೂ ಹೊಸದಾಗಿ ಮಂಡಲಗಳಲ್ಲಿಯೇ ಹುಟ್ಟಬೇಕಿತ್ತು. ನಿಜವಾದ ಡ್ರಮ್ಮಿನಂತೆ ಅದು ಕೇಳಿಸುವುದಿಲ್ಲ ಎಂಬ ಆಕ್ಷೇಪ ಸಹಜವಾಗಿಯೇ ಬಂದಿತು. ಸುಮಾರು 12,000 ಯಂತ್ರಗಳು ತಯಾರಾದ ಬಳಿಕ, 1983ರಲ್ಲಿ ಅದರ ಉತ್ಪಾದನೆ ನಿಂತಿತು.

ಅದರ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಸದ್ದು ಹುಟ್ಟುವ ರೀತಿ ಸ್ವಾರಸ್ಯಕರ. ಒಂದು ಫಿಲ್ಟರನ್ನು ಸುಮಾರು 50 ಹರ್ಟ್ಜ್ ಆವೃತ್ತಿಗೆ ಹೊಂದಿಸಿ, ತಾನಾಗಿಯೇ ಮೊಳಗುವ ಅಂಚಿನವರೆಗೆ ತಂದು ನಿಲ್ಲಿಸಲಾಗಿದೆ. ಅದಕ್ಕೆ ಮಿಂಚಿನಂತಹ ಒಂದು ವಿದ್ಯುತ್ ಪೆಟ್ಟು ಕೊಟ್ಟರೆ, ಗಂಟೆಗೆ ಬಡಿದಂತೆ ಮೊಳಗಿ ನಿಧಾನವಾಗಿ ಆರಿಹೋಗುತ್ತದೆ. ಇಲ್ಲಿ ಫಿಲ್ಟರ್ ಡ್ರಮ್ಮಿನ ಸದ್ದನ್ನು ತಿದ್ದುವ ಸಾಧನವಲ್ಲ, ಫಿಲ್ಟರೇ ಡ್ರಮ್ಮು. ಹೊಡೆತದ ಮೊದಲ ಕ್ಷಣದಲ್ಲಿ ಆವೃತ್ತಿ ಮೇಲೇರಿ ಕೆಳಗಿಳಿಯುವುದರಿಂದ ಅದಕ್ಕೆ ಪೆಟ್ಟಿನ ಬಿರುಸೂ ಬರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಈ ಒಂದು ಸದ್ದಿನ ಮಂಡಲವನ್ನೇ ಬಿಡಿಬಿಡಿಯಾಗಿ ಪರಿಶೀಲಿಸಿ 2014ರಲ್ಲಿ ಅದರ ಕಂಪ್ಯೂಟರ್ ಮಾದರಿಯನ್ನು ಪ್ರಕಟಿಸಿದರು.

ಉಳಿದ ಸದ್ದುಗಳೂ ಸೋಸುವಿಕೆಯ ಫಲವೇ. ಸ್ನೇರ್ ಡ್ರಮ್ಮಿನಲ್ಲಿ ಮೊಳಗುವ ಎರಡು ಮಂಡಲಗಳ ಜೊತೆಗೆ, ಕೆಳಸದ್ದು ತೆಗೆದ 'ಶ್' ಎನ್ನುವ ಗದ್ದಲ ಬೆರೆಯುತ್ತದೆ. ಚಪ್ಪಾಳೆಯ ಸದ್ದಿಗೆ ಅದೇ ಬಗೆಯ ಗದ್ದಲವನ್ನು 1,000 ಹರ್ಟ್ಜ್‌ನ ಆಸುಪಾಸಿಗೆ ಸೋಸಿ, ಹಲವರು ತುಸು ಹಿಂದುಮುಂದಾಗಿ ಕೈ ತಟ್ಟಿದಂತೆ ತುಂಡುತುಂಡಾಗಿ ಬಿಡಲಾಗುತ್ತದೆ. ತಾಳದಂತೆ ಕಿಣಿಗುಡುವ ಸಿಂಬಲ್ ಮತ್ತು ಹೈ-ಹ್ಯಾಟುಗಳ ಹಿಂದೆ ಇರುವುದು ಪರಸ್ಪರ ಹೊಂದದ ಆರು ಚೌಕಾಕಾರದ ಅಲೆಗಳು. ಆ ಕರ್ಕಶ ಮಿಶ್ರಣದ ಕೆಳಭಾಗವನ್ನೆಲ್ಲ ಫಿಲ್ಟರ್ ಕಿತ್ತೆಸೆದ ಮೇಲೆ ಉಳಿಯುವ ನೆತ್ತಿಯೇ ಲೋಹದ ನಾದ.

ಸೋಸುವುದೆಂದರೆ ಏನು?

ಅಡುಗೆಮನೆಯ ಜರಡಿ ಹಿಟ್ಟನ್ನು ಕೆಳಗೆ ಬಿಟ್ಟು ತೌಡನ್ನು ತಡೆಯುತ್ತದೆ. ಫಿಲ್ಟರೂ ಹಾಗೆಯೇ ಕೆಲವು ಆವೃತ್ತಿಗಳನ್ನು ಬಿಟ್ಟು ಕೆಲವನ್ನು ತಡೆಯುತ್ತದೆ. ಕೆಳಗಿನವನ್ನು ಬಿಟ್ಟು ಮೇಲಿನವನ್ನು ತಡೆಯುವುದು ಲೋ-ಪಾಸ್. ಮೇಲಿನವನ್ನು ಬಿಟ್ಟು ಕೆಳಗಿನವನ್ನು ತಡೆಯುವುದು ಹೈ-ಪಾಸ್. ನಡುವಿನ ಒಂದು ಪಟ್ಟಿಯನ್ನಷ್ಟೇ ಬಿಡುವುದು ಬ್ಯಾಂಡ್-ಪಾಸ್.

ಆದರೆ ಜರಡಿಗೂ ಫಿಲ್ಟರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಫಿಲ್ಟರ್ ಗೆರೆ ಎಳೆದಂತೆ ಕತ್ತರಿಸುವುದಿಲ್ಲ, ಇಳಿಜಾರಿನಂತೆ ತಗ್ಗಿಸುತ್ತಾ ಹೋಗುತ್ತದೆ. ಆವೃತ್ತಿ ಎರಡು ಪಟ್ಟಾದಾಗ ಸ್ಥಾಯಿಯೊಂದು ಮೇಲೇರಿದಂತೆ. ಪ್ರತಿ ಸ್ಥಾಯಿಗೆ 12 ಡೆಸಿಬೆಲ್ ತಗ್ಗಿಸುವ ಲೋ-ಪಾಸ್ ಫಿಲ್ಟರನ್ನು 1,000 ಹರ್ಟ್ಜ್‌ಗೆ ನಿಲ್ಲಿಸಿದರೆ, 4,000 ಹರ್ಟ್ಜ್‌ನ ಅಲೆಯ ಎತ್ತರ 2,000 ಹರ್ಟ್ಜ್‌ನ ಅಲೆಗಿಂತ ಮತ್ತೂ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. 24 ಡೆಸಿಬೆಲ್ ಇಳಿಜಾರಿನದಾದರೆ ಸುಮಾರು ಹದಿನಾರನೆಯ ಒಂದಂಶಕ್ಕೆ. ಅಮೆರಿಕದ ರಾಬರ್ಟ್ ಮೂಗ್ ರೂಪಿಸಿದ, 1969ರಲ್ಲಿ ಪೇಟೆಂಟ್ ಪಡೆದ ಪ್ರಸಿದ್ಧ ಫಿಲ್ಟರ್ ಈ ಎರಡನೆಯ ಬಗೆಯದು.

ಫಿಲ್ಟರಿಗೆ ಇನ್ನೊಂದು ಗುಣವೂ ಉಂಟು, ಅನುರಣನ. ಹೊರಬರುವ ಸದ್ದಿನ ಒಂದಂಶವನ್ನು ಮತ್ತೆ ಒಳಕ್ಕೆ ಉಣಿಸಿದರೆ, ಕತ್ತರಿಸುವ ಗಡಿಯಲ್ಲಿರುವ ಆವೃತ್ತಿ ಉಬ್ಬಿ ನಿಲ್ಲುತ್ತದೆ. ಇನ್ನಷ್ಟು ಉಣಿಸಿದರೆ ಫಿಲ್ಟರ್ ತಾನೇ ಹಾಡತೊಡಗುತ್ತದೆ. ಹೈ-ಪಾಸ್ ಫಿಲ್ಟರಿನಿಂದ ಕಿಕ್ ಡ್ರಮ್ಮಿನ 30 ಹರ್ಟ್ಜ್‌ಗಿಂತ ಕೆಳಗಿನ ನಿರುಪಯುಕ್ತ ಅದುರುವಿಕೆಯನ್ನು ತೆಗೆಯುತ್ತಲೇ, ಗಡಿಯ ಬಳಿ ಅನುರಣನದಿಂದ ತುಸು ಉಬ್ಬಿಸಿದರೆ, ಡ್ರಮ್ಮು ಹಗುರಾಗಿಯೂ ಗಟ್ಟಿಯಾಗಿಯೂ ಕೇಳಿಸುವುದುಂಟು. ಕಳೆಯುವ ಸಾಧನವೇ ಹೀಗೆ ಒಂದೆಡೆ ಒತ್ತು ಕೊಡುತ್ತದೆ.

ಫಿಲ್ಟರಿನ ಗಡಿಯನ್ನು ಹಾಡಿನ ಓಟದಲ್ಲಿಯೇ ಸರಿಸುವುದು ಮತ್ತೊಂದು ವಿದ್ಯೆ. ಪಕ್ಕದ ಮನೆಯಲ್ಲಿ ನಡೆಯುತ್ತಿರುವ ವಾದ್ಯಗೋಷ್ಠಿ ಗೋಡೆಯಾಚೆಯಿಂದ ಮಂದವಾಗಿ ಕೇಳಿಸುತ್ತಿದ್ದು, ಯಾರೋ ನಿಧಾನವಾಗಿ ಬಾಗಿಲು ತೆರೆದಂತೆ ಆಗುತ್ತದಲ್ಲ, ಅದೇ ಅನುಭವ. 1990ರ ದಶಕದ ಫ್ರೆಂಚ್ ನೃತ್ಯಸಂಗೀತದಲ್ಲಿ ಇಡೀ ಡ್ರಮ್ ಲಯವನ್ನು ಹೀಗೆ ಮುಚ್ಚಿ ತೆರೆಯುವುದೇ ಹಾಡಿನ ಕಥಾನಕವಾಯಿತು.

ಭಾರತಕ್ಕೂ ಈ ಯಂತ್ರಗಳ ನಂಟು ಹಳೆಯದು. ಹಿಂದಿ ಚಿತ್ರರಂಗದ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂಡಿಸಿ ಮುದ್ರಿಸಿದ ಆಲ್ಬಮ್ಮಿನಲ್ಲಿ 808ರ ಜೊತೆಗೆ, ಅನುರಣನದ ಫಿಲ್ಟರಿಗೇ ಹೆಸರಾದ ಟಿಬಿ-303 ಯಂತ್ರವನ್ನೂ ಬಳಸಿದ್ದರು. ಅಂದು ಗಮನ ಸೆಳೆಯದಿದ್ದ ಆ ಮುದ್ರಿಕೆ 2010ರಲ್ಲಿ ಮರುಪ್ರಕಟವಾದ ಬಳಿಕ ಜಗತ್ತಿನ ಗಮನಕ್ಕೆ ಬಂದಿತು.

ಕೆಡಿಸುವುದೆಂದರೆ ಏನು?

ಒಳ್ಳೆಯ ಆಂಪ್ಲಿಫೈಯರಿನ ಧರ್ಮ, ಒಳಬಂದದ್ದನ್ನು ಆಕಾರ ಕೆಡದಂತೆ ದೊಡ್ಡದು ಮಾಡುವುದು. ಆದರೆ ಪ್ರತಿ ಆಂಪ್ಲಿಫೈಯರಿಗೂ ಒಂದು ಮಿತಿಯಿದೆ. ಆ ಮಿತಿಯನ್ನು ಮೀರಿ ತುಂಬಿಸಿದರೆ, ತಗ್ಗು ಚಾವಣಿಯ ಮನೆಯಲ್ಲಿ ಎತ್ತರದವನು ನಿಂತಂತಾಗುತ್ತದೆ. ಅಲೆಯ ತಲೆ ಚಾವಣಿಗೆ ತಗುಲಿ ಚಪ್ಪಟೆಯಾಗುತ್ತದೆ. ಈ ಚಪ್ಪಟೆಯಾಗುವಿಕೆಯೇ ಡಿಸ್ಟಾರ್ಷನ್.

ದುಂಡಗಿದ್ದ ಅಲೆಯ ತಲೆ ಚಪ್ಪಟೆಯಾದರೆ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ ಮೂರು, ಐದು, ಏಳು ಪಟ್ಟಿನ ಬೆಸ ಹಾರ್ಮೋನಿಕ್‌ಗಳು ಬರುತ್ತವೆ. ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಕತ್ತರಿಸಿದರೆ ಎರಡು, ನಾಲ್ಕು, ಆರು ಪಟ್ಟಿನವೂ ಸೇರಿಕೊಳ್ಳುತ್ತವೆ. ಹಠಾತ್ತನೆ ಕತ್ತರಿಸಿದರೆ ಎತ್ತರದ ಹಾರ್ಮೋನಿಕ್‌ಗಳು ಹೇರಳವಾಗಿ ಹುಟ್ಟಿ ಸದ್ದು ಒರಟಾಗುತ್ತದೆ. ಹಳೆಯ ವಾಲ್ವ್ ಆಂಪ್ಲಿಫೈಯರ್ ಅಥವಾ ಧ್ವನಿಸುರುಳಿಯಂತೆ ನಯವಾಗಿ ಬಾಗಿಸಿದರೆ ಸದ್ದು ಬೆಚ್ಚಗೆನಿಸುತ್ತದೆ.

ಈ ತತ್ತ್ವ ನಮ್ಮವರಿಗೆ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ನೂಲಿನ ಎಳೆಯೊಂದನ್ನು ಸಿಕ್ಕಿಸುವುದನ್ನು ಎಲ್ಲರೂ ಕಂಡಿದ್ದಾರೆ. ಕಂಪಿಸುವ ತಂತಿ ಕುದುರೆಯನ್ನು ಸವರುತ್ತಾ ಹೋಗುವುದರಿಂದ, ಮೀಟಿದಾಗ ಇರಬಾರದೆಂದು ಹಳೆಯ ನಿಯಮ ಹೇಳುತ್ತಿದ್ದ ಹಾರ್ಮೋನಿಕ್‌ಗಳೂ ಕೇಳಿಸುತ್ತವೆ ಎಂದು ರಾಮನ್ ತೋರಿಸಿಕೊಟ್ಟರು. ತಂಬೂರಿಯ ಝೇಂಕಾರವೆಲ್ಲ ಆ ಅಡ್ಡಿಯ ಕೊಡುಗೆ. ಅಡ್ಡಿಯಿಲ್ಲದ ತಂತಿ ಶುದ್ಧವಾಗಿ ಮೊಳಗೀತು, ಆದರೆ ಶ್ರುತಿಪೆಟ್ಟಿಗೆಯಿಲ್ಲದ ಕಛೇರಿಯನ್ನು ತುಂಬಲಾರದು.

ಡ್ರಮ್ಮಿನ ವಿಷಯದಲ್ಲಿ ಡಿಸ್ಟಾರ್ಷನ್ ಇನ್ನೂ ಒಂದು ಕೆಲಸ ಮಾಡುತ್ತದೆ. ಡ್ರಮ್ಮಿನ ಸದ್ದು ಹುಟ್ಟಿದ ಗಳಿಗೆಯಲ್ಲಿ ಎತ್ತರವಾಗಿದ್ದು ಬೇಗ ಇಳಿಯುತ್ತದೆ. ಅದನ್ನು ನಾಲ್ಕು ಪಟ್ಟು ಹೆಚ್ಚಿಸಿ, ಮೊದಲಿನ ಎತ್ತರದಲ್ಲಿಯೇ ಚಾವಣಿ ಹಾಕಿದರೆ ಏನಾಗುತ್ತದೆ? ಮೂಲ ಸದ್ದು ನಾಲ್ಕನೆಯ ಒಂದಂಶಕ್ಕೆ ಇಳಿಯುವವರೆಗೂ ಹೊರಬರುವ ಸದ್ದು ಚಾವಣಿಗೆ ತಾಗಿಕೊಂಡೇ ಇರುತ್ತದೆ. ಕ್ಷಣದ ಪೆಟ್ಟು ಹೀಗೆ ಉದ್ದವಾಗಿ, ತೂಕವುಳ್ಳದ್ದಾಗಿ ಕೇಳಿಸುತ್ತದೆ. ಆದರೆ ಈ ಲಾಭಕ್ಕೆ ಬೆಲೆ ತೆರಬೇಕು. ಮೊದಲ ಪೆಟ್ಟಿಗೂ ನಂತರದ ಮೊಳಗಿಗೂ ನಡುವಿನ ಏರಿಳಿತ ಅಳಿಸಿಹೋಗುತ್ತದೆ, ಪೆಟ್ಟಿನ ಮೊನೆ ಮೊಂಡಾಗುತ್ತದೆ.

ಪುಟ್ಟ ಸ್ಪೀಕರಿನ ಒಗಟು

ಈಗ ಆರಂಭದ ಪ್ರಶ್ನೆಗೆ ಬರಬಹುದು. 808ರ ಕಿಕ್ ಬಹುಪಾಲು 50 ಹರ್ಟ್ಜ್‌ನ ಒಂದೇ ದುಂಡನೆಯ ಅಲೆ. ಲಾರಿಯ ಮೇಲಿನ ದೊಡ್ಡ ಸ್ಪೀಕರುಗಳು ಅದನ್ನು ನುಡಿಸಬಲ್ಲವು. ಮೊಬೈಲಿನ ಸ್ಪೀಕರು ಆ ಆಳಕ್ಕೆ ಇಳಿಯಲಾರದು. ಕೆಲವು ನೂರು ಹರ್ಟ್ಜ್‌ಗಿಂತ ಕೆಳಗೆ ಅದರ ಶಕ್ತಿ ಬಹಳ ಕ್ಷೀಣ. ಶುದ್ಧ ಅಲೆಗೆ ಬೇರೆ ಹಾರ್ಮೋನಿಕ್‌ಗಳಿಲ್ಲದ ಕಾರಣ, ಅಲ್ಲಿ ಕೇಳಿಸಲು ಏನೂ ಉಳಿಯುವುದಿಲ್ಲ.

ಅದೇ ಅಲೆಗೆ ಡಿಸ್ಟಾರ್ಷನ್ ಕೊಟ್ಟರೆ 100, 150, 200, 250, 300 ಹರ್ಟ್ಜ್ ಹೀಗೆ ಮೇಲಿನ ಮೆಟ್ಟಿಲುಗಳು ಹುಟ್ಟುತ್ತವೆ. ಇವುಗಳಲ್ಲಿ ಮೇಲಿನವನ್ನು ಪುಟ್ಟ ಸ್ಪೀಕರು ನುಡಿಸಬಲ್ಲದು. ಮಿಕ್ಕ ಕೆಲಸ ಮೆದುಳಿನದು. ಮೆಟ್ಟಿಲುಗಳ ನಡುವಿನ 50 ಹರ್ಟ್ಜ್ ಅಂತರವನ್ನು ಗ್ರಹಿಸಿ, ಬುಡದಲ್ಲಿ 50ರ ಮೂಲಸ್ವರ ಇದ್ದಿರಬೇಕೆಂದು ಅದು ತಾನೇ ಊಹಿಸಿಕೊಳ್ಳುತ್ತದೆ. ಹಳೆಯ ಸ್ಥಿರ ದೂರವಾಣಿಯ ಉದಾಹರಣೆ ಇದಕ್ಕೆ ಸಾಕ್ಷಿ. ಅದು ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಜ್ ಮಾತ್ರ. ಗಂಡಸರ ದನಿಯ ಮೂಲ ಆವೃತ್ತಿ ಇರುವುದು 100 ಹರ್ಟ್ಜ್‌ನ ಆಸುಪಾಸಿನಲ್ಲಿ. ಆದರೂ ಫೋನಿನಲ್ಲಿ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳಿಸುತ್ತಿತ್ತು.

808ರ ಕಿಕ್ಕನ್ನು ಉದ್ದವಾಗಿ ಎಳೆದು, ಅದರ ಸ್ವರವನ್ನೂ ಬದಲಿಸಿ, ಡ್ರಮ್ಮು ಮತ್ತು ಬೇಸ್ ಗಿಟಾರು ಎರಡರ ಕೆಲಸವನ್ನೂ ಅದರಿಂದಲೇ ಮಾಡಿಸುವ ಹಿಪ್-ಹಾಪ್ ಸಂಗೀತಗಾರರು ಡಿಸ್ಟಾರ್ಷನ್ನನ್ನು ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ. ಕೇಳುಗರ ಕೈಯಲ್ಲಿರುವುದು ಮೊಬೈಲ್ ಎಂಬುದನ್ನು ಅವರು ಮರೆತಿಲ್ಲ.

ದೋಷವೇ ವಾದ್ಯವಾದ ಕಥೆ

ಸದ್ದನ್ನು ಕೆಡಿಸುವ ಈ ಕಲೆ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ 1961ರ ಹಾಡೊಂದರ ಮುದ್ರಣದಲ್ಲಿ ಮಿಕ್ಸರಿನ ಒಂದು ಕೆಟ್ಟ ಮಂಡಲದಿಂದ ಬೇಸ್ ಗಿಟಾರಿನ ದನಿ ಗೊಗ್ಗರಾಯಿತು. ಅದನ್ನು ಅಳಿಸದೆ ಉಳಿಸಿಕೊಂಡರು. ಅಂಥದೇ ಸದ್ದು ಬೇಕೆಂದು ಜನ ಕೇಳತೊಡಗಿದ ಮೇಲೆ 1962ರಲ್ಲಿ ಮಾಸ್ಟ್ರೊ ಎಫ್‌ಜಡ್-1 ಎಂಬ ಕಾಲಲ್ಲಿ ಒತ್ತುವ ಸಾಧನ ಮಾರಾಟಕ್ಕೆ ಬಂದಿತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರಿನ ಕಾಗದವನ್ನೇ ಸೀಳಿ ಗಿಟಾರಿಗೆ ಒರಟು ದನಿ ತಂದುಕೊಂಡರು.

808ರ ಒಳಗೂ ಇಂಥದೇ ಕಥೆಯಿದೆ. ತಯಾರಕರು ತಿರಸ್ಕರಿಸುತ್ತಿದ್ದ ದೋಷಯುಕ್ತ ಟ್ರಾನ್ಸಿಸ್ಟರುಗಳನ್ನೇ ಬೇಕೆಂದು ಕೊಂಡು ಬಳಸಿದ್ದರಿಂದ ಯಂತ್ರಕ್ಕೆ ಅದರದೇ ಆದ 'ಸರ್' ಎನ್ನುವ ಸೊಗಸು ಬಂದಿತೆಂದು ಕಾಕೆಹಾಶಿ 2015ರ ಸಾಕ್ಷ್ಯಚಿತ್ರವೊಂದರಲ್ಲಿ ಹೇಳಿದ್ದಾರೆ. ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸಿದಂತೆ ದೋಷಯುಕ್ತ ಬಿಡಿಭಾಗಗಳು ಸಿಗದಾದವು, ಹಳೆಯ ರೀತಿಯಲ್ಲಿ ಯಂತ್ರ ತಯಾರಿಸುವುದೂ ಅಸಾಧ್ಯವಾಯಿತು. ಗುಣಮಟ್ಟ ಹೆಚ್ಚಿದ್ದೇ ಕಂಟಕವಾದ ವಿಚಿತ್ರ ಪ್ರಸಂಗವಿದು.

ಅದರ ಮುಂದಿನ ಯಂತ್ರ ಟಿಆರ್-909 ಬಂದುದು 1983ರಲ್ಲಿ. ಅದರ ಕಿಕ್ ಡ್ರಮ್ಮಿನೊಳಗೆ ತ್ರಿಕೋನದ ಅಲೆಯೊಂದರ ಮೊನೆಯನ್ನು ಡಯೋಡುಗಳಿಂದ ಬಾಗಿಸಿ ದುಂಡಗೆ ಮಾಡಲಾಗುತ್ತದೆ. ಅಂದರೆ ಆಕಾರ ಕೆಡಿಸುವ ತಂತ್ರದಿಂದಲೇ ಅಲ್ಲಿ ನಯವಾದ ಸದ್ದು ಸಿದ್ಧವಾಗುತ್ತದೆ. 1990ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನ ಯುವಕರು ಇದೇ ಕಿಕ್ಕನ್ನು ಮಿಕ್ಸರಿನ ಮಿತಿ ಮೀರಿ ತುಂಬಿಸಿ, ಒಡೆದು, ಚೌಕಾಕಾರಕ್ಕೆ ತಂದರು. ಗ್ಯಾಬರ್ ಎಂದು ಹೆಸರಾದ ಆ ಅತಿವೇಗದ ನೃತ್ಯಸಂಗೀತದಲ್ಲಿ ಡ್ರಮ್ಮು ತಾಳ ಕೊಡುವ ಹಿಮ್ಮೇಳವಾಗಿ ಉಳಿಯಲಿಲ್ಲ. ಹಾರ್ಮೋನಿಕ್‌ಗಳು ಅಷ್ಟೊಂದು ತುಂಬಿಕೊಂಡ ಕಾರಣ ಅದೇ ಸ್ವರವಾಯಿತು, ಅದೇ ಹಾಡಾಯಿತು.

ಕೆಡಿಸುವುದಕ್ಕೆ ಇನ್ನೊಂದು ದಾರಿ ಅಂಕಿಗಳದು. ಇ-ಮ್ಯು ಕಂಪನಿ 1987ರಲ್ಲಿ ತಂದ ಎಸ್‌ಪಿ-1200 ಯಂತ್ರ ಸದ್ದನ್ನು 12 ಬಿಟ್‌ನಲ್ಲಿ, ಅಂದರೆ 4,096 ಮೆಟ್ಟಿಲುಗಳಲ್ಲಿ ಅಳೆಯುತ್ತಿತ್ತು, ಸಿ.ಡಿ.ಯಲ್ಲಿ ಇರುವ ಮೆಟ್ಟಿಲುಗಳು 65,536. ಅದರ ನೆನಪಿನಲ್ಲಿ ಹಿಡಿಸುತ್ತಿದ್ದುದು ಒಟ್ಟು ಹತ್ತು ಸೆಕೆಂಡಿನಷ್ಟು ಸದ್ದು. ನ್ಯೂಯಾರ್ಕಿನ ಹಿಪ್-ಹಾಪ್ ನಿರ್ಮಾಪಕರು ಜಾಗ ಉಳಿಸಲು ಗ್ರಾಮಫೋನ್ ತಟ್ಟೆಯನ್ನು ವೇಗವಾಗಿ ತಿರುಗಿಸಿ ತುಂಬಿಕೊಂಡು, ಬಳಿಕ ಯಂತ್ರದಲ್ಲಿ ನಿಧಾನಿಸುತ್ತಿದ್ದರು. ಜಿಪುಣತನದ ಈ ಉಪಾಯದಿಂದ ಬಂದ ಮರಳು ಮರಳಾದ ಡ್ರಮ್ಮಿನ ಸದ್ದು ಒಂದು ಕಾಲದ ಗುರುತೇ ಆಯಿತು.

ಯಾವುದು ಮೊದಲು?

ಒಗ್ಗರಣೆಯನ್ನು ಮೊದಲು ಹಾಕುವುದಕ್ಕೂ ಕೊನೆಗೆ ಹಾಕುವುದಕ್ಕೂ ರುಚಿಯಲ್ಲಿ ವ್ಯತ್ಯಾಸವಿದೆ. ಫಿಲ್ಟರ್ ಮತ್ತು ಡಿಸ್ಟಾರ್ಷನ್ನುಗಳ ಕ್ರಮವೂ ಹಾಗೆಯೇ. ಅನುಭವಿಗಳಿಗೂ ಹೊಸಬರಿಗೂ ಇರುವ ಅಂತರ ಹೆಚ್ಚಾಗಿ ಕಾಣುವುದು ಇಲ್ಲಿ.

ಕಾರಣ ಹೀಗಿದೆ. ಎರಡು ಸದ್ದುಗಳು ಒಟ್ಟಾಗಿ ಡಿಸ್ಟಾರ್ಷನ್ ಒಳಗೆ ಹೋದರೆ, ಅವು ತಂತಮ್ಮ ಹಾರ್ಮೋನಿಕ್‌ಗಳನ್ನು ಹುಟ್ಟಿಸುವುದರ ಜೊತೆಗೆ ಪರಸ್ಪರ ಕೂಡಿ ಕಳೆದು ಹೊಸ ಸದ್ದುಗಳನ್ನೂ ಹೆರುತ್ತವೆ. 60 ಹರ್ಟ್ಜ್‌ನ ಕಿಕ್ಕೂ 400 ಹರ್ಟ್ಜ್‌ನ ಇನ್ನೊಂದು ಡ್ರಮ್ಮೂ ಸೇರಿದರೆ 340 ಮತ್ತು 460, ಮತ್ತೆ 280 ಮತ್ತು 520 ಹರ್ಟ್ಜ್‌ಗಳಲ್ಲಿ ಯಾರೂ ನುಡಿಸದ ಸದ್ದುಗಳು ಏಳುತ್ತವೆ. ಇಡೀ ಡ್ರಮ್ ಲಯವನ್ನು ಒಟ್ಟಿಗೆ ಕೆಡಿಸಿದಾಗ ಎಲ್ಲವೂ ಕಲಸಿದ ಕೆಸರಿನಂತೆ ಕೇಳಿಸುವುದು ಇದರಿಂದಲೇ. ಮೊದಲು ಹೈ-ಪಾಸ್ ಫಿಲ್ಟರಿನಿಂದ ಕೆಳಸದ್ದನ್ನು ಬೇರ್ಪಡಿಸಿ, ಮೇಲಿನದನ್ನಷ್ಟೇ ಕೆಡಿಸಿ, ಶುದ್ಧವಾಗಿಯೇ ಉಳಿದ ಕೆಳಸದ್ದನ್ನು ಮತ್ತೆ ಬೆರೆಸಿದರೆ ಕಿಕ್ಕಿನ ಗಾಂಭೀರ್ಯವೂ ಉಳಿಯುತ್ತದೆ, ಹೈ-ಹ್ಯಾಟಿನ ಚುರುಕೂ ಹೆಚ್ಚುತ್ತದೆ.

ಇದಕ್ಕೆ ವಿರುದ್ಧವಾಗಿ, ಒಂದೇ ಕಿಕ್ ಡ್ರಮ್ಮನ್ನು ಮೊದಲು ಕೆಡಿಸಿ, ಆಮೇಲೆ ಲೋ-ಪಾಸ್ ಫಿಲ್ಟರ್ ಹಾಕಬಹುದು. ಡಿಸ್ಟಾರ್ಷನ್ ಹುಟ್ಟಿಸಿದ ಹಾರ್ಮೋನಿಕ್‌ಗಳಲ್ಲಿ ಉಪಯೋಗಕ್ಕೆ ಬರುವವು ಉಳಿದು, ಕಿವಿಗೆ ಚುಚ್ಚುವವು ಹೋಗುತ್ತವೆ. ಸ್ನೇರ್ ಡ್ರಮ್ಮಿಗೆ ನಡುವಿನ ಕ್ರಮವೊಂದಿದೆ: ಬ್ಯಾಂಡ್-ಪಾಸ್ ಫಿಲ್ಟರಿನಿಂದ ಅದರ ಒಡಲಿನ ಪಟ್ಟಿಯನ್ನಷ್ಟೇ ಹೆಕ್ಕಿ, ಅದನ್ನು ಚೆನ್ನಾಗಿ ಕೆಡಿಸಿ, ಮೂಲದ ಅಡಿಯಲ್ಲಿ ಉಪ್ಪಿನಷ್ಟು ಬೆರೆಸುವುದು. ಪ್ರತ್ಯೇಕವಾಗಿ ಕೇಳಿದರೆ ಅಸಹನೀಯವೆನಿಸುವ ಸದ್ದು, ಹದವಾಗಿ ಬೆರೆತಾಗ ಇದೆಯೆಂದೇ ಗೊತ್ತಾಗುವುದಿಲ್ಲ. ತೆಗೆದರೆ ಮಾತ್ರ ಡ್ರಮ್ಮು ಸಪ್ಪೆಯಾಗುತ್ತದೆ.

ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಸೆಕೆಂಡಿಗೆ 44,100 ಬಾರಿ ಸದ್ದನ್ನು ಅಳೆಯುವ ವ್ಯವಸ್ಥೆಯಲ್ಲಿ 22,050 ಹರ್ಟ್ಜ್‌ಗಿಂತ ಮೇಲಿನ ಆವೃತ್ತಿಗೆ ಸ್ಥಳವಿಲ್ಲ. ಡಿಸ್ಟಾರ್ಷನ್ ಅಂಥದನ್ನು ಹುಟ್ಟಿಸಿದರೆ ಅದು ಗೋಡೆಗೆ ಬಡಿದ ಚೆಂಡಿನಂತೆ ಕೆಳಕ್ಕೆ ಪುಟಿಯುತ್ತದೆ. 9,000 ಹರ್ಟ್ಜ್‌ನ ಕಿಣಿನಾದದ ಐದನೆಯ ಹಾರ್ಮೋನಿಕ್ 45,000 ಹರ್ಟ್ಜ್; ಅದು ಪುಟಿದು ಬಂದು ಬೀಳುವುದು 900 ಹರ್ಟ್ಜ್‌ನಲ್ಲಿ. ಸಂಗೀತಕ್ಕೆ ಸಂಬಂಧವೇ ಇಲ್ಲದ ಸಿಳ್ಳೊಂದು ಹೈ-ಹ್ಯಾಟಿನ ಅಡಿಯಲ್ಲಿ ಕೇಳಿಸುವುದು ಹೀಗೆ. ಉತ್ತಮ ತಂತ್ರಾಂಶಗಳಲ್ಲಿ ಓವರ್‌ಸ್ಯಾಂಪ್ಲಿಂಗ್ ಎಂಬ ಗುಂಡಿ ಇರುತ್ತದೆ. ಕೆಡಿಸುವಷ್ಟು ಹೊತ್ತು ಅಳತೆಯ ವೇಗವನ್ನು ನಾಲ್ಕು ಅಥವಾ ಎಂಟು ಪಟ್ಟು ಹೆಚ್ಚಿಸಿ, ಮೇಲಿನದನ್ನು ಸೋಸಿ, ಬಳಿಕ ಹಳೆಯ ವೇಗಕ್ಕೆ ಮರಳುವುದು ಅದರ ಕೆಲಸ. ಕೆಡಿಸಿದ್ದನ್ನು ಕಾಪಾಡಲು ಇಲ್ಲಿಯೂ ಫಿಲ್ಟರೇ ಬರಬೇಕು.

ಎಲ್ಲಿ ನಿಲ್ಲಿಸಬೇಕು?

ಡಿಸ್ಟಾರ್ಷನ್ ಹೆಚ್ಚಿಸಿದಂತೆ ಸದ್ದಿನ ಸರಾಸರಿ ಮಟ್ಟವೂ ಏರುತ್ತದೆ. ಎರಡು ಸದ್ದುಗಳಲ್ಲಿ ಜೋರಾದದ್ದನ್ನೇ ಒಳ್ಳೆಯದೆಂದು ಭ್ರಮಿಸುವುದು ಕಿವಿಯ ದೌರ್ಬಲ್ಯ. ಆದಕಾರಣ ಕೆಡಿಸಿದ ಸದ್ದಿನ ಮಟ್ಟವನ್ನು ಮೂಲದಷ್ಟಕ್ಕೇ ಇಳಿಸಿ ಎರಡನ್ನೂ ಹೋಲಿಸುವುದು ವೃತ್ತಿಪರರ ಪದ್ಧತಿ. ಹಾಗೆ ಹೋಲಿಸಿದಾಗ, ಗಂಟೆಗಟ್ಟಲೆ ದುಡಿದು ರೂಪಿಸಿದ 'ಭಾರೀ' ಡ್ರಮ್ಮು ಮೂಲಕ್ಕಿಂತ ಬಡವಾಗಿದೆ ಎಂಬ ಸತ್ಯ ಅನೇಕ ಸಲ ಹೊರಬೀಳುತ್ತದೆ.

ಮತ್ತೊಂದು ಭೇದವನ್ನೂ ನೆನಪಿಡಬೇಕು. ಫಿಲ್ಟರ್ ಮಾಡಿದ್ದನ್ನು ಸ್ವಲ್ಪಮಟ್ಟಿಗಾದರೂ ಸರಿಪಡಿಸಬಹುದು. ತಗ್ಗಿಸಿದ್ದನ್ನು ಮತ್ತೆ ಏರಿಸಬಹುದು. ಚಪ್ಪಟೆಯಾದ ಅಲೆಯ ತಲೆಯಲ್ಲಿ ಮೊದಲು ಏನಿತ್ತು ಎಂಬುದನ್ನು ಹಿಂಪಡೆಯುವುದು ಸಾಧ್ಯವಿಲ್ಲ. ಮೂಲ ಮುದ್ರಿಕೆಯನ್ನು ಬೇರೆಯಾಗಿ ಕಾದಿರಿಸುವುದು ಈ ವಿದ್ಯೆಯ ಮೊದಲ ಪಾಠವಾಗಿರುವುದು ಅದಕ್ಕಾಗಿ. ಇನ್ನು ಮೆರವಣಿಗೆಯ ಲಾರಿಯ ಮೇಲೆ ಆಂಪ್ಲಿಫೈಯರನ್ನೇ ಮಿತಿಮೀರಿ ತಿರುಗಿಸಿ ಬರಿಸುವ ಡಿಸ್ಟಾರ್ಷನ್ ಕಲೆಯಲ್ಲ. ಅದರಿಂದ ಸ್ಪೀಕರಿನ ಎತ್ತರದ ಸದ್ದಿನ ಭಾಗ ಸುಟ್ಟುಹೋಗಬಹುದು, ಎದುರು ನಿಂತವರ ಕಿವಿಗೂ ಹಾನಿ ತಪ್ಪಿದ್ದಲ್ಲ. ಹಾಡಿನೊಳಗೆ ಅಳೆದು ಬೆರೆಸಿದ ಡಿಸ್ಟಾರ್ಷನ್ ಕಡಿಮೆ ಮಟ್ಟದಲ್ಲಿಯೂ ತುಂಬು ಸದ್ದಿನ ಅನುಭವ ಕೊಡುತ್ತದೆ ಎಂಬುದೇ ಅದರ ನಿಜವಾದ ಪ್ರಯೋಜನ.

ಕಛೇರಿಗೆ ಮೊದಲು ಮೃದಂಗ ವಿದ್ವಾಂಸರು ಎಡಮುಖಕ್ಕೆ ರವೆಯ ಕಣಕ ಹಚ್ಚಿ ಒಮ್ಮೆ ತಟ್ಟುತ್ತಾರೆ. ತುಸು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ತಂಬೂರಿಯವರು ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಆಲಿಸುತ್ತಾರೆ. ಎಷ್ಟು ಗ್ರಾಂ, ಎಷ್ಟು ಮಿಲಿಮೀಟರ್ ಎಂದು ಯಾರೂ ಅಳೆಯುವುದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಫಿಲ್ಟರಿನ ಗುಂಡಿ ತಿರುಗಿಸುವವರ ಕೆಲಸವೂ ಕೊನೆಗೆ ಅಷ್ಟೇ: ತುಸು ಕಳೆದು, ತುಸು ಕೂಡಿ, ದೊಡ್ಡ ಸ್ಪೀಕರಿನಲ್ಲೊಮ್ಮೆ, ಮೊಬೈಲಿನಲ್ಲೊಮ್ಮೆ ಆಲಿಸುವುದು. ಎರಡರಲ್ಲಿಯೂ ಡ್ರಮ್ಮು ಉಳಿದರೆ ಹದ ಬಂದಿದೆ ಎಂದು ತಿಳಿಯಬಹುದು.